ಧಾರವಾಡ ಪೀಠದಲ್ಲಿ ಲಾ ಕ್ಲರ್ಕ್: ದಿನದ ಕೆಲಸ ಏನು, ಮೂರು ವರ್ಷದ ಲೆಕ್ಕಕ್ಕೆ ಬರುತ್ತದೆಯೇ?

ಹಿನ್ನೀರು_ಬಾಗಲಕೋಟೆ:
ಎಲ್ಲರಿಗೂ ನಮಸ್ಕಾರ್ರಿ. ಬಾಗಲಕೋಟೆಯಲ್ಲಿ ಎಲ್‌ಎಲ್‌ಬಿ ಕೊನೆಯ ಸೆಮಿಸ್ಟರ್ ನಡೆದಿದೆ. ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳ ಕೈಕೆಳಗೆ ಲಾ ಕ್ಲರ್ಕ್ ಕಮ್ ರಿಸರ್ಚ್ ಅಸಿಸ್ಟೆಂಟ್ ಆಗಬೇಕೆಂಬ ಆಸೆ ಇದೆ. ಆ ಅವಧಿ ಸಿವಿಲ್ ಜಡ್ಜ್ ಪರೀಕ್ಷೆಗೆ ಬೇಕಾದ ಮೂರು ವರ್ಷದ ವಕೀಲಿಗೆ ಸೇರುತ್ತದೆಯೇ? ಸನದು (ವಕೀಲಿ ಪರವಾನಗಿ) ಏನು ಮಾಡಬೇಕು? ದಿನಾ ಮಾಡುವ ಕೆಲಸ ಯಾವುದು? ಓದಿದ್ದು ಕನ್ನಡ ಮಾಧ್ಯಮ, ಇಂಗ್ಲಿಷ್ ಬರವಣಿಗೆಯದೇ ಅಂಜಿಕೆ.

ಘಟಪ್ರಭಾ_ದಂಡೆ:
ತಂಗಿ, ಮೊದಲು ಮೂರು ವರ್ಷದ ಮಾತು. ಸುಪ್ರೀಂ ಕೋರ್ಟ್ 2025ರ ಮೇ 20ರಂದು ಅಖಿಲ ಭಾರತ ನ್ಯಾಯಾಧೀಶರ ಸಂಘದ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಳಿಸಿಕೊಂಡು ಓದು. ಲಾ ಕ್ಲರ್ಕ್ ಆಗಿ ದುಡಿದ ಅವಧಿಯನ್ನೂ ವಕೀಲಿಯ ಲೆಕ್ಕಕ್ಕೆ ಹಿಡಿಯಬೇಕೆಂದು ಅದರಲ್ಲಿ ಸ್ಪಷ್ಟವಾಗಿದೆ. ವಕೀಲಿಯ ದಿನಗಳನ್ನು ಎಣಿಸುವುದು ತಾತ್ಕಾಲಿಕ ನೋಂದಣಿಯ ದಿನದಿಂದ. ಹಾಗಾಗಿ ಫಲಿತಾಂಶ ಬಂದಮೇಲೆ ನೋಂದಣಿಗೆ ತಡ ಮಾಡಬೇಡ, ತಡ ಮಾಡಿದಷ್ಟೂ ದಿನ ಕೈಬಿಟ್ಟು ಹೋಗುತ್ತವೆ.

ಒಂದು ವರ್ಷ ಕ್ಲರ್ಕ್ ಆದರೆ ಉಳಿದ ಎರಡು ವರ್ಷಕ್ಕೆ ಬೇರೆ ಕಾಗದ ಬೇಕು: ಕನಿಷ್ಠ 10 ವರ್ಷ ವಕೀಲಿ ಮಾಡಿದವರ ಪ್ರಮಾಣಪತ್ರ, ಅದರ ಮೇಲೆ ನ್ಯಾಯಾಧೀಶರ ದೃಢೀಕರಣ. ಕ್ಲರ್ಕ್ ಅವಧಿಗೆ ರಿಜಿಸ್ಟ್ರಿಯಿಂದ ಪ್ರಮಾಣಪತ್ರ ಪಡೆಯುವಾಗ ಸೇರಿದ ದಿನಾಂಕ, ಬಿಟ್ಟ ದಿನಾಂಕ ಎರಡೂ ಇವೆಯೇ ನೋಡಿಕೋ. ಬರೀ 'ಒಂದು ವರ್ಷ' ಎಂದಿದ್ದರೆ ಮುಂದೆ ತಕರಾರು ಏಳಬಹುದು.

ಇನ್ನು ಸನದು. ಕ್ಲರ್ಕ್ ಇರುವಷ್ಟು ದಿನ ವಕೀಲಿ ಮಾಡುವಂತಿಲ್ಲ. ಊರ ಕೋರ್ಟಿನಲ್ಲಿ ಸೀನಿಯರ್ ಪರವಾಗಿ ಮುಂದಿನ ತಾರೀಕು ಕೇಳಲು ನಿಲ್ಲುವುದೂ ತಪ್ಪೇ. ರಾಜ್ಯ ವಕೀಲರ ಪರಿಷತ್ತಿಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿಯ ಪ್ರತಿ ಇಟ್ಟುಕೋ. ವಯಸ್ಸು, ಗೌರವಧನ, ಅರ್ಜಿಯ ನಮೂನೆ ಇವಕ್ಕೆಲ್ಲ ಆಯಾ ವರ್ಷದ ಅಧಿಸೂಚನೆಯೇ ಆಧಾರ, ಹಳೆಯದನ್ನು ನಂಬಬೇಡ.

ಕಿತ್ತೂರು_ಕೋಟೆ:
ಕೆಲಸದ ಬಗ್ಗೆ ಹೇಳುವೆ. ಕಾಸ್ ಲಿಸ್ಟ್ (ಮರುದಿನ ವಿಚಾರಣೆಗೆ ಬರುವ ಕೇಸುಗಳ ಪಟ್ಟಿ) ಬಂದ ಕೂಡಲೇ ಮರುದಿನದ ಫೈಲುಗಳನ್ನು ಓದಿ, ಒಂದೊಂದಕ್ಕೂ ಒಂದೆರಡು ಪುಟದ ಟಿಪ್ಪಣಿ ಬರೆಯಬೇಕು. ಇದೇ ಮುಖ್ಯ ಕೆಲಸ, ತೀರ್ಪು ಹುಡುಕುವುದು ಆಮೇಲಿನದು.

ಜಮಖಂಡಿ ಅಥವಾ ಗೋಕಾಕದಿಂದ ಬಂದ ಆರ್‌ಎಸ್‌ಎ (ಸಿವಿಲ್ ದಾವೆಯ ಎರಡನೇ ಮೇಲ್ಮನವಿ) ಎಂದುಕೊಳ್ಳಿ. ಮೊದಲು ಮುದತ್ತು, ಅಂದರೆ ಮೇಲ್ಮನವಿ ಹಾಕುವ ಕಾಲಮಿತಿ: ಡಿಕ್ರಿಯಿಂದ 90 ದಿನ, ನಕಲು ಪಡೆಯಲು ಹಿಡಿದ ದಿನ ಕಳೆದು. ಮೀರಿದ್ದರೆ ವಿಳಂಬ ಮನ್ನಾ ಕೋರುವ ಐಎ (ಮಧ್ಯಂತರ ಅರ್ಜಿ) ಇದೆಯೇ? ಆಮೇಲೆ ಕೆಳಗಿನ ಎರಡೂ ಕೋರ್ಟುಗಳಲ್ಲಿ ಗೆದ್ದವರು ಯಾರು, ಯಾವ ಕಾರಣಕ್ಕೆ. ಕೊನೆಗೆ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಕಲಂ 100ರ ಪ್ರಕಾರ ಮಹತ್ವದ ಕಾನೂನಿನ ಪ್ರಶ್ನೆ ಏಳುತ್ತದೆಯೇ. ಹೊಸಬರು ಎಡವುವುದು ಇಲ್ಲೇ: ಸಾಕ್ಷಿಯನ್ನು ನಂಬಬೇಕೋ ಬೇಡವೋ ಎಂದು ಮತ್ತೆ ತೂಗಿ ನಾಲ್ಕು ಪುಟ ತುಂಬಿಸುತ್ತಾರೆ. ಅದು ಸಂಗತಿಯ ಪ್ರಶ್ನೆ. ನೋಡಬೇಕಾದ್ದು, ಮುಖ್ಯ ದಾಖಲೆಯನ್ನು ಕೆಳಗಿನ ಕೋರ್ಟು ಮುಟ್ಟದೇ ಬಿಟ್ಟಿದೆಯೇ, ಕಾನೂನನ್ನು ತಪ್ಪಾಗಿ ಹಚ್ಚಿದೆಯೇ ಎಂಬುದು.

ಕನ್ನಡ ಮಾಧ್ಯಮ ಎಂದು ಅಂಜಬೇಡಿ. ಕೆಳಗಿನ ಕೋರ್ಟಿನ ದಾಖಲೆ ಬಿಚ್ಚಿದರೆ ಸಾಕ್ಷಿಗಳ ಹೇಳಿಕೆ, ಖರೀದಿ ಪತ್ರ, ಉತಾರ ಬಹುಪಾಲು ಕನ್ನಡದಲ್ಲೇ ಇರುತ್ತವೆ, ಬೆಳಗಾವಿ ಕಡೆಯ ಹಳೆಯವು ಮರಾಠಿಯಲ್ಲಿ. 'ವಾಟ್ನಿ ವರದಿ' (ಆಸ್ತಿ ಪಾಲಾಗಿದೆ ಎಂದು ಕಂದಾಯ ಕಚೇರಿಗೆ ಕೊಟ್ಟ ವರದಿ) ಮೇರೆಗೆ ಆದ ಎಂಇ (ಹಕ್ಕು ಬದಲಾವಣೆ) ನಮೂದನ್ನು ಭಾಷಾಂತರದಲ್ಲಿ ಬರೀ 'ಪಾರ್ಟಿಷನ್' ಎಂದು ಬರೆದಿರುತ್ತಾರೆ. ಹೆಣ್ಣುಮಕ್ಕಳ ಪಾಲಿನ ದಾವೆಯಲ್ಲಿ ಅದರಿಂದ ದಿಕ್ಕೇ ತಪ್ಪುತ್ತದೆ. ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಹಿಂದೂ ಉತ್ತರಾಧಿಕಾರ ಕಾಯ್ದೆಯ ಕಲಂ 6 ಉಳಿಸುವುದು 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಾಯಿತ ಪತ್ರದಿಂದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಾಟ್ನಿಯನ್ನು. ಬಾಯಿಮಾತಿನ ವಾಟ್ನಿಯನ್ನು ಸಾರ್ವಜನಿಕ ದಾಖಲೆಗಳ ಬಲವಿದ್ದಾಗ ಅಪರೂಪಕ್ಕೆ ಮಾತ್ರ ಒಪ್ಪಬಹುದೆಂದು 2020ರ ವಿನೀತಾ ಶರ್ಮಾ ತೀರ್ಪು ಹೇಳಿದೆ. ಮೂಲ ಕಾಗದ ಓದಬಲ್ಲವರಿಗೇ ಈ ವ್ಯತ್ಯಾಸ ಕಾಣುವುದು.

ಕೃಷ್ಣಾ ಮೇಲ್ದಂಡೆ ಭೂಸ್ವಾಧೀನದ ಎಂಎಫ್‌ಎಗಳಲ್ಲಿ (ಪರಿಹಾರದ ಮೇಲ್ಮನವಿಗಳಲ್ಲಿ) ಎಕರೆ ಗುಂಟೆ ಕಣ್ಣಿಟ್ಟು ನೋಡಿ. 2 ಎಕರೆ 35 ಗುಂಟೆಯನ್ನು 2.35 ಎಂದು ಗುಣಿಸಿರುತ್ತಾರೆ. 40 ಗುಂಟೆಗೆ ಒಂದು ಎಕರೆ, ಅಂದರೆ ಅದು 2.875. ಎಕರೆಗೆ 3 ಲಕ್ಷ ಎಂದರೆ ರೈತನಿಗೆ 1,57,500 ರೂಪಾಯಿ ಕಡಿಮೆ ಬಿತ್ತು.

ಗುಮ್ಮಟ_ನೆರಳು:
ವಿಜಯಪುರದವರು ಓದುತ್ತಿದ್ದರೆ: ನಮ್ಮ ಜಿಲ್ಲೆ ಕಲಬುರಗಿ ಪೀಠಕ್ಕೆ ಸೇರಿದೆ, ಬೆಳಗಾವಿ, ಬಾಗಲಕೋಟೆ ಧಾರವಾಡಕ್ಕೆ. ಕೇಸ್ ನಂಬರಿನಲ್ಲೇ ಗುರುತು ಸಿಗುತ್ತದೆ, ಧಾರವಾಡದ್ದು 100ರಿಂದ, ಕಲಬುರಗಿಯದ್ದು 200ರಿಂದ ಶುರುವಾಗುವ ಆರಂಕಿ.

ಮೋಟಾರು ಅಪಘಾತದ ಮೇಲ್ಮನವಿಗೆ ಲೆಕ್ಕ ಕೈಯಲ್ಲೇ ಇರಬೇಕು. ಮೃತನಿಗೆ 34 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 12,000, ಅವಲಂಬಿತರು ನಾಲ್ವರು. ಸುಪ್ರೀಂ ಕೋರ್ಟಿನ ಪ್ರಣಯ್ ಸೇಠಿ ತೀರ್ಪಿನಂತೆ ಮುಂದೆ ಏರಬಹುದಾದ ಗಳಿಕೆಗೆಂದು ಶೇ. 40 ಸೇರಿಸಿದರೆ 16,800. ಸ್ವಂತ ಖರ್ಚಿಗೆ ಕಾಲುಭಾಗ ಕಳೆದರೆ 12,600. ವರ್ಷಕ್ಕೆ 1,51,200. ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35 ವಯಸ್ಸಿಗೆ ಗುಣಕ 16, ಒಟ್ಟು 24,19,200. ಅವಲಂಬಿತರು ಮೂವರೇ ಇದ್ದರೆ ಕಳೆಯುವುದು ಮೂರನೇ ಒಂದು ಭಾಗ. ಕಾಲುಭಾಗವನ್ನೇ ಕಳೆದುಬಿಡುವುದು ಪದೇಪದೇ ಆಗುವ ತಪ್ಪು.

ಕ್ರಿಮಿನಲ್ ಫೈಲಿನಲ್ಲಿ '482' ಕಂಡರೆ ಒಂದು ಕ್ಷಣ ನಿಲ್ಲಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ (ಸಿಆರ್‌ಪಿಸಿ) ಅದು ಹೈಕೋರ್ಟಿನ ಅಂತರ್ಗತ ಅಧಿಕಾರ. 2024ರ ಜುಲೈ 1ರಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಅದೇ ಅಂಕಿ ನಿರೀಕ್ಷಣಾ ಜಾಮೀನು, ಅಂತರ್ಗತ ಅಧಿಕಾರ 528ಕ್ಕೆ ಹೋಗಿದೆ. ಟಿಪ್ಪಣಿಯಲ್ಲಿ ಕಾಯ್ದೆಯ ಹೆಸರಿಲ್ಲದೆ ಕಲಂ ಬರೆಯಲೇಬೇಡಿ.

ಹಿನ್ನೀರು_ಬಾಗಲಕೋಟೆ:
ಭಾಳ ಉಪಕಾರ ಆಯ್ತ್ರಿ. ಇಂಗ್ಲಿಷ್ ಟಿಪ್ಪಣಿಗೆ ಈಗಿಂದಲೇ ಹೇಗೆ ಕೈ ಪಳಗಿಸಲಿ?

ಕಿತ್ತೂರು_ಕೋಟೆ:
ಹೈಕೋರ್ಟ್ ಜಾಲತಾಣದಲ್ಲಿ ಧಾರವಾಡ ಪೀಠದ ಆರ್‌ಎಸ್‌ಎ ತೀರ್ಪು ವಾರಕ್ಕೆ ಮೂರು ಇಳಿಸಿಕೊಳ್ಳಿ. ಸಂಗತಿಗಳ ಭಾಗ ಮಾತ್ರ ಓದಿ ಮುಚ್ಚಿಟ್ಟು, ದಿನಾಂಕಗಳ ಪಟ್ಟಿ ಮತ್ತು ಕಾನೂನಿನ ಪ್ರಶ್ನೆಯನ್ನು ನೀವೇ ಒಂದು ಪುಟದಲ್ಲಿ ಬರೆಯಿರಿ. ಆಮೇಲೆ ನ್ಯಾಯಮೂರ್ತಿಗಳು ರೂಪಿಸಿದ ಪ್ರಶ್ನೆಯ ಜೊತೆ ಹೋಲಿಸಿ. ವಾಕ್ಯ ಸಣ್ಣವಿರಲಿ, ಪ್ರತಿ ಸಂಗತಿಯ ಮುಂದೆ ಪುಟಸಂಖ್ಯೆ ಇರಲಿ. ಪುಟಸಂಖ್ಯೆ ಇಲ್ಲದ ಟಿಪ್ಪಣಿ ಹಿಡಿದು ಪೀಠದ ಮೇಲೆ ಕೂತವರು ಫೈಲು ತಡಕಾಡಬೇಕಾಗುತ್ತದೆ.

ಸೇರಿದ ಮೇಲೆ ಎರಡು ಎಚ್ಚರ: ಕರಡು ಆದೇಶದ ಫೋಟೋ ಮೊಬೈಲಿನಲ್ಲಿ ತೆಗೆಯಬಾರದು. ಬಂಧುಗಳದ್ದೋ ನೀವು ಕೆಲಸ ಕಲಿತ ವಕೀಲರದ್ದೋ ಕೇಸು ಪಟ್ಟಿಯಲ್ಲಿ ಕಂಡರೆ ಫೈಲು ಬಿಚ್ಚುವ ಮೊದಲೇ ನ್ಯಾಯಮೂರ್ತಿಗಳಿಗೆ ತಿಳಿಸಬೇಕು.