ಸೈಲೋಸೈಬಿನ್ ಒಂದೇ ದಿನಕ್ಕೆ ಖಾಲಿ, ಪರಿಣಾಮ ಮಾತ್ರ ವಾರಗಟ್ಟಲೆ: ಹೇಗೆ?

ಓದುಗುಳಿ:
ಖಿನ್ನತೆಗೆ ಔಷಧವಾಗಿ ಪರೀಕ್ಷಿಸುತ್ತಿರುವ, ಕೆಲವು ಅಣಬೆಗಳಲ್ಲಿನ ಭ್ರಮೆ ತರಿಸುವ ವಸ್ತು ಸೈಲೋಸೈಬಿನ್ ಬಗ್ಗೆ ಓದುತ್ತಾ ಹೋದಂತೆ ಲೆಕ್ಕ ತಾಳೆಯಾಗುತ್ತಿಲ್ಲ. ರಕ್ತದಲ್ಲಿ ಅದರ ಸಕ್ರಿಯ ರೂಪ ಸೈಲೋಸಿನ್‌ನ ಅರ್ಧಾಯು (ಪ್ರಮಾಣ ಅರ್ಧಕ್ಕಿಳಿಯಲು ಬೇಕಾದ ಸಮಯ) 2–3 ಗಂಟೆ, ಮಾರನೆಯ ದಿನಕ್ಕೆ ಏನೂ ಉಳಿಯದು. ಆದರೂ ಖಿನ್ನತೆಯ ಅಂಕ ಮೂರು ವಾರ ಇಳಿದೇ ಇರುತ್ತದಂತೆ. ಇನ್ನು, ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಎಸ್‌ಎಸ್‌ಆರ್‌ಐ ಗುಳಿಗೆಗಳೂ ಮಿದುಳಿನ ಸಂದೇಶವಾಹಕ ಸೆರೊಟೋನಿನ್ ದಾರಿಯಲ್ಲೇ ಕೆಲಸ ಮಾಡುತ್ತವೆ, ಅದನ್ನು ಹೆಚ್ಚಿಸುತ್ತವೆ. ಅವುಗಳಿಂದ ಯಾರಿಗೂ ಗೋಡೆ ಅಲೆಯಾಡಿದಂತೆ ಕಾಣುವುದಿಲ್ಲವಲ್ಲ? ಸೈಲೋಸೈಬಿನ್ ಟ್ರಯಲ್‌ಗೆ (ರೋಗಿಗಳ ಮೇಲಿನ ಪರೀಕ್ಷೆಗೆ) ಮೊದಲು ಆ ಗುಳಿಗೆಗಳನ್ನು ನಿಲ್ಲಿಸುವುದಾದರೂ ಏಕೆ?

ಅರ್ಧಾಯು:
ಫಾಸ್ಫೇಟ್ ಗುಂಪು ಅಂಟಿಕೊಂಡಿರುವ ತನಕ ಸೈಲೋಸೈಬಿನ್ ಮಿದುಳಿಗೆ ಸರಿಯಾಗಿ ಇಳಿಯುವುದಿಲ್ಲ. ಆಲ್ಕಲೈನ್ ಫಾಸ್ಫಟೇಸ್ ಕಿಣ್ವ ಅದನ್ನು ಕತ್ತರಿಸಿದ ಮೇಲೆಯೇ ಸೈಲೋಸಿನ್. ಅಣುತೂಕ 284ರಿಂದ 204ಕ್ಕೆ ಇಳಿಯುವುದರಿಂದ 25 ಮಿ.ಗ್ರಾಂ ಸೈಲೋಸೈಬಿನ್ ಅಂದರೆ ಸುಮಾರು 18 ಮಿ.ಗ್ರಾಂ ಸೈಲೋಸಿನ್. ಎರಡು ಪ್ರಬಂಧಗಳ ಡೋಸ್ ಹೋಲಿಸುವವರು ಎಡವುವುದು ಇಲ್ಲೇ.

ಅನುಭವಕ್ಕೆ ಬೇಕಾದ ಗ್ರಾಹಕ (ಸೆರೊಟೋನಿನ್ ಬಂದು ಅಂಟುವ ಪ್ರೋಟೀನ್) 5-ಎಚ್‌ಟಿ2ಎ. ಮಿದುಳಿನ ತೊಗಟೆಯ ಐದನೇ ಪದರದ ಪಿರಮಿಡ್ ನರಕೋಶಗಳಲ್ಲಿ ಅದು ದಟ್ಟವಾಗಿದೆ. ಅದನ್ನು ತಡೆಯುವ ಕೆಟಾನ್ಸೆರಿನ್ ಮೊದಲೇ ಕೊಟ್ಟರೆ ಸೈಲೋಸೈಬಿನ್‌ನ ದೃಶ್ಯಗಳು ಏಳುವುದೇ ಇಲ್ಲ ಎಂದು 1998ರಲ್ಲಿ ಜ್ಯೂರಿಕ್‌ನ ಫೋಲನ್‌ವೈಡರ್ ತಂಡ ಮನುಷ್ಯರಲ್ಲೇ ತೋರಿಸಿತು.

ಎಸ್‌ಎಸ್‌ಆರ್‌ಐ ಪ್ರಶ್ನೆ ಒಳ್ಳೆಯದು. ಅದು ಹೆಚ್ಚಿಸಿದ ಸೆರೊಟೋನಿನ್ ಹದಿನಾಲ್ಕು ಬಗೆಯ ಗ್ರಾಹಕಗಳಿಗೆ ಹಂಚಿಹೋಗುತ್ತದೆ. ಅವುಗಳಲ್ಲಿ 5-ಎಚ್‌ಟಿ1ಎಯಂಥವು ನರಕೋಶವನ್ನು ತಣ್ಣಗಾಗಿಸುವಂಥವು. ಇನ್ನೊಂದು ಸ್ವಾರಸ್ಯಕರ ಕಾರಣವನ್ನು 2023ರಲ್ಲಿ ಡೇವಿಡ್ ಓಲ್ಸನ್ ತಂಡ ಮುಂದಿಟ್ಟಿತು: 2ಎ ಗ್ರಾಹಕಗಳು ಕೋಶದ ಒಳಗೂ ಇವೆ. ಸೈಲೋಸಿನ್ ಪೊರೆ ದಾಟುತ್ತದೆ, ಸೆರೊಟೋನಿನ್ ದಾಟದು. ನರಕೋಶಕ್ಕೆ ಸೆರೊಟೋನಿನ್ ಸಾಗಣೆಯ ಪ್ರೋಟೀನ್ ಕೂಡಿಸಿ ಒಳಗೆ ಬಿಟ್ಟುಕೊಂಡಾಗ ಸೆರೊಟೋನಿನ್ ಕೂಡ ಡೆಂಡ್ರೈಟ್ (ನರಕೋಶದ ಕವಲು) ಬೆಳೆಸಿತು!

ವಾರಗಟ್ಟಲೆ ಉಳಿಯುವುದು ಔಷಧವಲ್ಲ, ಅದು ಬಿಟ್ಟುಹೋದ ರಚನೆ. 2021ರಲ್ಲಿ ಯೇಲ್‌ನ ಅಲೆಕ್ಸ್ ಕ್ವಾನ್ ತಂಡ ಇಲಿಗಳಿಗೆ ಕೆ.ಜಿ.ಗೆ 1 ಮಿ.ಗ್ರಾಂನಂತೆ ಒಂದೇ ಸಲ ಕೊಟ್ಟಾಗ ಮುಂಭಾಗದ ತೊಗಟೆಯಲ್ಲಿ ಡೆಂಡ್ರೈಟ್ ಸ್ಪೈನ್‌ಗಳು (ಇತರ ನರಕೋಶಗಳ ಸಂಕೇತ ಪಡೆಯುವ ಪುಟ್ಟ ಮೊನೆಗಳು) 24 ಗಂಟೆಯೊಳಗೆ ಸುಮಾರು ಶೇ. 10 ಹೆಚ್ಚಿದವು. ಒಂದು ಪಾಲು ತಿಂಗಳ ನಂತರವೂ ಇತ್ತು.

ಬೆಳ್ಳಿಲಿ:
ಅರ್ಧಾಯು ಅವರೇ, ಕ್ವಾನ್ ತಂಡದ ಅದೇ ಪ್ರಬಂಧದ ಇನ್ನೊಂದು ಫಲಿತಾಂಶ ಬಿಟ್ಟಿರಿ. ಕೆಟಾನ್ಸೆರಿನ್ ಇಲಿಗಳ ತಲೆ ಕೊಡವುವಿಕೆಯನ್ನು (ಇಲಿಗಳಲ್ಲಿ ಭ್ರಮೆಯ ಗುರುತೆಂದು ನೋಡುವ ಲಕ್ಷಣ) ನಿಲ್ಲಿಸಿತು, ಸ್ಪೈನ್ ಬೆಳವಣಿಗೆಯನ್ನು ನಿಲ್ಲಿಸಲಿಲ್ಲ. ತಡೆ ಪೂರ್ತಿಯಾಗಿರಲಿಲ್ಲವೋ, ಬೇರೆ ದಾರಿ ಇದೆಯೋ, ಎರಡೂ ವಾದಗಳಿವೆ. 2023ರಲ್ಲಿ ಹೆಲ್ಸಿಂಕಿಯ ಕಾಸ್ಟ್ರೆನ್ ತಂಡವಂತೂ ಎಲ್‌ಎಸ್‌ಡಿ, ಸೈಲೋಸಿನ್ ನೇರವಾಗಿ ನರಕೋಶದ ಬೆಳವಣಿಗೆಗೆ ನೆರವಾಗುವ ಟಿಆರ್‌ಕೆಬಿ ಗ್ರಾಹಕಕ್ಕೇ ಅಂಟುತ್ತವೆ ಎಂದಿತು. ಸ್ಪೈನ್ ಹೆಚ್ಚಿದ್ದರಿಂದಲೇ ಮನಸ್ಸು ಹಗುರಾಯಿತು ಎಂದು ಮನುಷ್ಯರಲ್ಲಿ ತೋರಿಸಿದವರಿಲ್ಲ. ಆ ಕೊಂಡಿ ಈಗಲೂ ಊಹೆಯೇ.

ಕುರುಡುಪರೀಕ್ಷೆ:
ಗುಳಿಗೆ ನಿಲ್ಲಿಸುವ ವಿಚಾರ. ಎಸ್‌ಎಸ್‌ಆರ್‌ಐ ದೀರ್ಘಕಾಲ ತೆಗೆದುಕೊಂಡವರಲ್ಲಿ ಸೈಲೋಸೈಬಿನ್ ಮಂಕಾಗಬಹುದು ಎಂಬ ಅಂಜಿಕೆಯಿಂದ ಪ್ರೋಟೋಕಾಲ್‌ಗಳು ಕನಿಷ್ಠ ಎರಡು ವಾರದ ಅಂತರ ಕೇಳುತ್ತವೆ. ಎಸ್‌ಎಸ್‌ಆರ್‌ಐಗಳಲ್ಲೇ ಒಂದಾದ ಫ್ಲೂಆಕ್ಸೆಟಿನ್‌ಗೆ ಅಷ್ಟು ಸಾಲದು. ಅದರ ಚಯಾಪಚಯದ ಉತ್ಪನ್ನ ನಾರ್‌ಫ್ಲೂಆಕ್ಸೆಟಿನ್‌ನ ಅರ್ಧಾಯುವೇ 4–16 ದಿನ, ಹಾಗಾಗಿ ಸುಮಾರು ಐದು ವಾರ ಬೇಕು. ಇಲ್ಲಿ ಎಡವಟ್ಟಾಗುವುದು ಹೀಗೆ: ಡೋಸ್ ಬೇಗ ಇಳಿಸಿದರೆ ತಲೆಸುತ್ತು, ನಿದ್ರೆಗೇಡು, ಸಿಡಿಮಿಡಿ ಬರುತ್ತವೆ. ಇವೆಲ್ಲ ಖಿನ್ನತೆಯ ಅಂಕಪಟ್ಟಿಯಲ್ಲೇ ಸೇರಿಬಿಡುತ್ತವೆ. ಆರಂಭದ ಅಂಕ ಸುಳ್ಳುಸುಳ್ಳೇ ಏರಿ, ನಂತರದ ಇಳಿಕೆ ಔಷಧದ ಖಾತೆಗೆ ಹೋಗುತ್ತದೆ.

ಇನ್ನು ‘ಮೂರು ವಾರ’. 2022ರಲ್ಲಿ ಪ್ರಕಟವಾದ 233 ಜನರ ಟ್ರಯಲ್‌ನಲ್ಲಿ 25, 10, 1 ಮಿ.ಗ್ರಾಂ ಎಂಬ ಮೂರು ಗುಂಪು. 25 ಮಿ.ಗ್ರಾಂ ಪಡೆದವರ ಮ್ಯಾಡ್ರಸ್ (ಖಿನ್ನತೆಯ ತೀವ್ರತೆ ಅಳೆಯುವ ಪಟ್ಟಿ) ಅಂಕ ಮೂರನೇ ವಾರಕ್ಕೆ 12 ಇಳಿಯಿತು, 1 ಮಿ.ಗ್ರಾಂನವರದು 5.4. ಅಂತರ 6.6, ಕಡಿಮೆಯೇನಲ್ಲ. ಹನ್ನೆರಡನೇ ವಾರಕ್ಕೂ ಚೇತರಿಕೆ ಉಳಿದುಕೊಂಡದ್ದು ಮೊದಲ ಗುಂಪಿನ ಶೇ. 20 ಜನರಲ್ಲಿ ಮಾತ್ರ. ಶೀರ್ಷಿಕೆ ಬರೆಯುವವರಿಗೆ ಈ ಸಾಲು ಕಣ್ಣಿಗೇ ಬೀಳುವುದಿಲ್ಲ.

ನನ್ನ ಮುಖ್ಯ ತಕರಾರು ಬೇರೆ. ಯಾರಿಗೆ ಏನು ಸಿಕ್ಕಿದೆ ಎಂದು ತಿಳಿಯದಂತೆ ‘ಕುರುಡಾಗಿ’ ನಡೆಯಬೇಕಾದ ಪರೀಕ್ಷೆಯಲ್ಲಿ ಅದು ಒಂದು ಗಂಟೆಯಲ್ಲಿ ರೋಗಿಗೆ ತಿಳಿದುಹೋಗುತ್ತದೆ. ಪ್ಲಸೀಬೊ (ಹುಸಿ ಔಷಧ) ಆಗಿ, ಮುಖ ಕೆಂಪೇರಿಸುವ 100 ಮಿ.ಗ್ರಾಂ ನಯಾಸಿನ್ ಎಂಬ ಬಿ ವಿಟಮಿನ್ ಕೊಟ್ಟು ನೋಡಿದ್ದಾರೆ, ಹೆಚ್ಚು ಜನ ಮೋಸಹೋಗುವುದಿಲ್ಲ. ಅಂಕ ಹಾಕುವವರನ್ನು ದೂರವಿಟ್ಟು ಫೋನಿನಲ್ಲಿ ಕೇಳಿಸಿದರೂ ಉತ್ತರ ಕೊಡುವವರು ರೋಗಿಯೇ ತಾನೆ. ‘ನನಗೆ ಸಿಗಲಿಲ್ಲ’ ಎಂಬ ನಿರಾಸೆ ಪ್ಲಸೀಬೊ ಗುಂಪಿನ ಅಂಕವನ್ನು ಕೆಡಿಸುತ್ತದೆ, ಅದರಿಂದಲೂ ಅಂತರ ಹಿಗ್ಗುತ್ತದೆ. ಪ್ರಬಂಧ ಓದುವಾಗ ಮೊದಲು ಹುಡುಕಬೇಕಾದದ್ದು: ‘ನಿಮಗೆ ಯಾವುದು ಸಿಕ್ಕಿತು’ ಎಂದು ರೋಗಿಗಳನ್ನು ಕೇಳಿ, ಅವರ ಊಹೆಯನ್ನು ಪ್ರಕಟಿಸಿದ್ದಾರೆಯೇ? ಬಹಳಷ್ಟು ಕಡೆ ಇಲ್ಲ.

ಓದುಗುಳಿ:
ಧನ್ಯವಾದ. ಹಾಗಾದರೆ ಸಣ್ಣ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಟ್ಟರೆ ಈ ಕುರುಡಿನ ತೊಂದರೆ ತಪ್ಪುವುದಿಲ್ಲವೇ?

ಅರ್ಧಾಯು:
ಅದು ತಪ್ಪಬಹುದು, ಆದರೆ ಹೃದಯದ ಕವಾಟದ ಪ್ರಶ್ನೆ ಏಳುತ್ತದೆ. ಸೈಲೋಸಿನ್, ಎಲ್‌ಎಸ್‌ಡಿ ಎರಡೂ ಸೆರೊಟೋನಿನ್‌ನ 5-ಎಚ್‌ಟಿ2ಬಿ ಗ್ರಾಹಕಕ್ಕೂ ಅಂಟುತ್ತವೆ. ಆ ಗ್ರಾಹಕವನ್ನು ದಿನವೂ ಕೆಣಕಿದ ಫೆನ್‌ಫ್ಲುರಮಿನ್, ಪರ್ಗೊಲೈಡ್ ಔಷಧಗಳು ಕವಾಟ ದಪ್ಪಗಾಗಿಸಿ ಮಾರುಕಟ್ಟೆಯಿಂದ ಹೊರಬಿದ್ದವು. ವರ್ಷಕ್ಕೊಂದೆರಡು ಡೋಸ್‌ನಲ್ಲಿ ಈ ಚಿಂತೆ ಕಡಿಮೆ. ದೀರ್ಘಕಾಲದ ಟ್ರಯಲ್ ಮಾಡುವವರು ಹೃದಯದ ಎಕೋ (ಅಲ್ಟ್ರಾಸೌಂಡ್) ಪರೀಕ್ಷೆ ಇಟ್ಟುಕೊಳ್ಳಲೇಬೇಕು.

ಕುರುಡುಪರೀಕ್ಷೆ:
ಗುಳಿಗೆಗಳ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಮನೋರೋಗಕ್ಕೆ ಕೊಡುವ ಲಿಥಿಯಂ ಜೊತೆ ಸೈಲೋಸೈಬಿನ್ ತೆಗೆದುಕೊಂಡವರಿಗೆ ಸೆಳವು (ಫಿಟ್ಸ್) ಬಂದ ವರದಿಗಳಿವೆ. ಅಮೆಜಾನ್‌ನ ಭ್ರಮೆ ತರಿಸುವ ಕಷಾಯ ಆಯವಾಸ್ಕದಲ್ಲಿರುವ ಹಾರ್ಮಿನ್ ಎಂಎಒ-ಎ ಕಿಣ್ವವನ್ನು ತಡೆಯುವುದರಿಂದಲೇ ಅದರಲ್ಲಿನ ಭ್ರಮೆ ತರಿಸುವ ವಸ್ತು ಡಿಎಂಟಿ ಹೊಟ್ಟೆಯಲ್ಲಿ ಒಡೆಯದೆ ಉಳಿಯುತ್ತದೆ. ಅದೇ ತಡೆ ಎಸ್‌ಎಸ್‌ಆರ್‌ಐ ಜೊತೆ ಸೇರಿದರೆ ಸೆರೊಟೋನಿನ್ ಮಿತಿಮೀರುವ ಸೆರೊಟೋನಿನ್ ಸಿಂಡ್ರೋಮ್, ಪ್ರಾಣಕ್ಕೇ ಅಪಾಯ. ವೈದ್ಯರ ಕಣ್ಗಾವಲಿಲ್ಲದೆ ಇಂಥವನ್ನು ಬೆರೆಸಬಾರದು. ಹಾಗೆಯೇ ಓದಿದ್ದನ್ನು ನಂಬಿ ಖಿನ್ನತೆಯ ಗುಳಿಗೆಯನ್ನು ತಾವೇ ನಿಲ್ಲಿಸಲೂಬಾರದು.