ಒಂದೇ ಇಂಗ್ಲಿಷ್ ಪದ, ಹಲವು ಪದವರ್ಗ: ಮಗಳಿಗೆ ಹೇಗೆ ಹೇಳಿಕೊಡಲಿ?

ಕೇಳಿದವರು, ಉಡುಪಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈ ವರ್ಷ ಪಿಯುಸಿಗೆ ಸೇರಿದ್ದಾಳೆ. ‘ರೌಂಡ್’ ಎಂದರೆ ಗುಣವಾಚಕ ಎಂದು ಬಾಯಿಪಾಠ ಮಾಡಿಕೊಂಡಿದ್ದವಳು ಕಿರುಪರೀಕ್ಷೆಯಲ್ಲಿ ಹಾಗೆಯೇ ಬರೆದಳು. ಆ ವಾಕ್ಯದಲ್ಲಿ ಅದು ಕ್ರಿಯಾಪದವಾಗಿದ್ದುದರಿಂದ ಅಂಕ ಹೋಯಿತು. ಒಂದೇ ಪದ ಹೀಗೆ ವೇಷ ಬದಲಿಸುವುದನ್ನು ನೀವೆಲ್ಲ ಮಕ್ಕಳಿಗೆ ಹೇಗೆ ಕಲಿಸಿದಿರಿ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಮಂಗಳೂರು

ಪದಗಳ ಪಟ್ಟಿಯನ್ನು ಮೊದಲು ಬದಿಗಿಡಿ. ಪದಕ್ಕೆ ಜಾತಿ ಹುಟ್ಟಿನಿಂದ ಬರುವುದಿಲ್ಲ, ವಾಕ್ಯದಲ್ಲಿ ಅದು ಮಾಡುವ ಕೆಲಸದಿಂದ ಬರುತ್ತದೆ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದೆ. ಆರಂಭಿಸುತ್ತಿದ್ದುದು ಒಣಮೀನಿನಿಂದ (ಸಸ್ಯಾಹಾರಿ ಮಕ್ಕಳೂ ಮೂಗು ಮುಚ್ಚಿಕೊಂಡೇ ಕಲಿತರು). ‘ಡ್ರೈ ಫಿಶ್’ ಎಂದು ಅಂಗಡಿಯ ಫಲಕದಲ್ಲಿ ಬರೆದಿದ್ದರೆ ಡ್ರೈ ಗುಣವಾಚಕ. ‘ಡ್ರೈ ದ ಫಿಶ್’ ಎಂದು ಯಾರಾದರೂ ಹೇಳಿದರೆ ಅದೇ ಡ್ರೈ ಕ್ರಿಯಾಪದ. ನಡುವೆ ಬಂದದ್ದು ಒಂದು ಪುಟ್ಟ ‘ದ’ ಮಾತ್ರ. ಕನ್ನಡದಲ್ಲಿ ಒಣ, ಒಣಗು, ಒಣಗಿಸು ಎಂಬ ಮೂರು ರೂಪಗಳು ಬೇಕಾಗುವ ಕಡೆ ಇಂಗ್ಲಿಷಿಗೆ ಡ್ರೈ ಒಂದೇ ಸಾಕಾಗುತ್ತದೆ, ಏಕೆಂದರೆ ನಾವು ಪದದ ಬಾಲಕ್ಕೆ ಪ್ರತ್ಯಯ ಕಟ್ಟಿ ತೋರಿಸುವುದನ್ನು ಆ ಭಾಷೆ ಬಹುಮಟ್ಟಿಗೆ ಪದವನ್ನು ಕೂರಿಸುವ ಜಾಗದಿಂದ ತೋರಿಸುತ್ತದೆ.

ಇಂಗ್ಲಿಷಿಗೂ ಸಾವಿರ ವರ್ಷಗಳ ಹಿಂದೆ ಇಂತಹ ಬಾಲಗಳಿದ್ದವು. ಆಗ ಪ್ರೀತಿಗೆ ‘ಲುವು’ ಎಂದೂ ಪ್ರೀತಿಸುವುದಕ್ಕೆ ‘ಲುವಿಯನ್’ ಎಂದೂ ಹೇಳುತ್ತಿದ್ದರು. ಕೊನೆಯ ಅಕ್ಷರಗಳು ಸವೆದುಹೋಗಿ ಎರಡೂ ‘ಲವ್’ ಆದವು.

ಇನ್ನು ನಿಮ್ಮ ಮಗಳ ‘ರೌಂಡ್’. ಅವಳನ್ನು ರಥಬೀದಿಗೆ ಕರೆದುಕೊಂಡು ಹೋಗಿ ಅಲ್ಲಿಯೇ ವಾಕ್ಯ ಕಟ್ಟಿಸಿ. ‘ಎ ರೌಂಡ್ ವೀಲ್’ ಎಂದಾಗ ಗುಣವಾಚಕ, ‘ಒನ್ ರೌಂಡ್ ಈಸ್ ಓವರ್’ ಎಂದಾಗ ನಾಮಪದ, ರಥವು ತಿರುವನ್ನು ದಾಟಿತು ಎನ್ನಲು ‘ರೌಂಡೆಡ್ ದ ಕಾರ್ನರ್’ ಎಂದಾಗ ಕ್ರಿಯಾಪದ, ‘ವಿ ವಾಕ್ಡ್ ರೌಂಡ್ ದ ಟೆಂಪಲ್’ ಎಂದಾಗ ಪ್ರಿಪೊಸಿಷನ್, ‘ದ ವೀಲ್ ವೆಂಟ್ ರೌಂಡ್’ ಎಂದಾಗ ಕ್ರಿಯಾವಿಶೇಷಣ. ಕೊನೆಯ ಎರಡರಲ್ಲಿ ಮಕ್ಕಳು ಸದಾ ಎಡವುತ್ತಾರೆ. ರೌಂಡ್ ಆದ ಮೇಲೆ ‘ಯಾವುದರ ಸುತ್ತ’ ಎಂಬುದಕ್ಕೆ ಉತ್ತರವಾಗಿ ನಾಮಪದವೊಂದು ಬಂದಿದೆಯೇ ಎಂದು ನೋಡಲು ಹೇಳಿ. ಬಂದಿದ್ದರೆ ಪ್ರಿಪೊಸಿಷನ್, ಇಲ್ಲದಿದ್ದರೆ ಕ್ರಿಯಾವಿಶೇಷಣ.

ಕರಡು ತಿದ್ದುವವರು, ಮಂಗಳೂರು

ಮೇಡಂ ಹೇಳಿದ್ದು ಸರಿ, ಆದರೆ ಈ ಗುಣ ಕನ್ನಡಕ್ಕೆ ಪೂರ್ತಿ ಹೊರಗಿನದಲ್ಲ. ‘ಹಾಡು ಹಾಡು’ ಎಂದು ಮಗುವಿಗೆ ಹೇಳುವಾಗ ಮೊದಲನೆಯದು ನಾಮಪದ, ಎರಡನೆಯದು ಕ್ರಿಯಾಪದ. ಬೆಳೆ, ನಡೆ, ಓದು ಎಲ್ಲವೂ ಹಾಗೆಯೇ. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಕಿಟ್ಟೆಲ್ ನಿಘಂಟಿನಲ್ಲಿ ಒಂದೇ ರೂಪದ ಪದಗಳಿಗೆ ಸಂಖ್ಯೆ ಕೊಟ್ಟು ಬೇರೆ ಬೇರೆಯಾಗಿ ನಮೂದಿಸಿರುವುದನ್ನು ಮಗಳಿಗೆ ತೋರಿಸಿದರೆ, ತನಗೆ ಗೊತ್ತಿರುವ ಸಂಗತಿಯೇ ಇದು ಎಂಬ ಧೈರ್ಯ ಬರುತ್ತದೆ.

ಕಿವಿಯನ್ನೂ ಬಳಸಲು ಹೇಳಿ. ನಾಮಪದವಾದಾಗ ‘ರೆಕಾರ್ಡ್’ ಎಂದು ಮೊದಲಕ್ಷರಕ್ಕೆ ಒತ್ತು, ಕ್ರಿಯಾಪದವಾದಾಗ ‘ರಿಕಾರ್ಡ್’ ಎಂದು ಎರಡನೆಯದಕ್ಕೆ. ‘ಪರ್ಮಿಟ್’, ‘ಆಬ್ಜೆಕ್ಟ್’ ಕೂಡ ಈ ಸಾಲಿನವೇ. ‘ರಿಪೋರ್ಟ್’ ಮಾತ್ರ ಎರಡು ಕಡೆಯೂ ಒಂದೇ ರೀತಿ, ಆದುದರಿಂದ ಇದನ್ನು ಕಟ್ಟುನಿಟ್ಟಿನ ನಿಯಮವೆಂದು ಬರೆದಿಟ್ಟುಕೊಳ್ಳುವುದು ಬೇಡ.

ಓದುಗರು, ಕುಂದಾಪುರ

ನಮ್ಮ ಬಸ್ಸುಗಳಲ್ಲಿ ಹೊರಡಲು ಸೂಚಿಸಿ ನಿರ್ವಾಹಕರು ದಿನವೂ ಕೂಗುವ ‘ರೈಟ್ ಪೋಯಿ’ (ತುಳುವಿನಲ್ಲಿ ಪೋಯಿ ಎಂದರೆ ಹೋಗೋಣ) ನನ್ನ ಮಗನಿಗೆ ಪಾಠವಾಯಿತು. ‘ರೈಟ್ ಆನ್ಸರ್’, ‘ಯುವರ್ ರೈಟ್’, ‘ಟರ್ನ್ ರೈಟ್’ ಎಂದು ಉಳಿದವನ್ನು ಅವನೇ ಹುಡುಕಿಕೊಂಡ. ನಿರ್ವಾಹಕರ ರೈಟ್ ಯಾವ ವರ್ಗಕ್ಕೆ ಸೇರುತ್ತದೆ ಎಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಕೇಳಿದವರು, ಉಡುಪಿ

ಎಲ್ಲರಿಗೂ ಧನ್ಯವಾದಗಳು. ಒಣಮೀನಿನ ಉದಾಹರಣೆ ಅವಳಿಗೆ ತಕ್ಷಣ ಹಿಡಿಸಿತು. ಆದರೆ ಈಗ ‘ಫಿಶ್ ಕರಿ’ಯಲ್ಲಿ ಫಿಶ್ ಕರಿಯನ್ನು ವರ್ಣಿಸುವುದರಿಂದ ಅದೂ ಗುಣವಾಚಕವಲ್ಲವೇ ಎಂದು ಕೇಳುತ್ತಿದ್ದಾಳೆ.

ನಿವೃತ್ತ ಇಂಗ್ಲಿಷ್ ಅಧ್ಯಾಪಕಿ, ಮಂಗಳೂರು

ಜಾಣೆ! ಅಲ್ಲ, ಅದು ನಾಮಪದವಾಗಿಯೇ ಉಳಿದು ಇನ್ನೊಂದು ನಾಮಪದಕ್ಕೆ ವಿಶೇಷಣದ ಕೆಲಸ ಮಾಡುತ್ತಿದೆ. ‘ವೆರಿ ಡ್ರೈ’ ಎನ್ನಬಹುದು, ‘ವೆರಿ ಫಿಶ್’ ಎನ್ನಲಾಗದು. ನಮ್ಮ ‘ಮೀನು ಸಾರು’ ಎಂಬಲ್ಲಿಯೂ ಮೀನು ನಾಮಪದವೇ ಅಲ್ಲವೇ ಎಂದು ಅವಳನ್ನೇ ಕೇಳಿ.