ಅಪ್‌ಡೇಟ್: ಭಾರ ಇಡದಿದ್ದರೂ ಏರುತ್ತಿದ್ದ ಸ್ಟ್ರೇನ್ ರೀಡಿಂಗ್ ಕೊನೆಗೂ ನಿಂತಿತು

ಹೋದ ವಾರ ಕೇಳಿದ್ದೆ. ಬೆಳಗಾವಿಯಲ್ಲಿ ನಮ್ಮ ಕಾಲೇಜಿನ ಶೆಡ್ಡಿನಲ್ಲಿ ಪ್ರಾಜೆಕ್ಟಿನ ವಿಮಾನದ ರೆಕ್ಕೆ ಪರೀಕ್ಷೆ, ಅಲ್ಯೂಮಿನಿಯಂ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆ) ಮೇಲೆ ಸ್ಟ್ರೇನ್ ಗೇಜ್ (ಲೋಹ ಎಷ್ಟು ಹಿಗ್ಗಿತು ಅಂತ ಅಳೆಯುವ ಪಟ್ಟಿ) ಅಂಟಿಸಿದ್ದೇವೆ, ಭಾರಕ್ಕೆ ಒಂದೂ ಉಸುಕಿನ ಚೀಲ ಇಡದಿದ್ದರೂ ರೀಡಿಂಗ್ ಸುಮ್ನೆ ಏರುತ್ತಾ ಹೋಗುತ್ತದೆ ಅಂತ. ಈಗ ಸರಿಹೋಯಿತು.

ಆಂಪ್ಲಿಫೈಯರ್ ಬದಲಿಸಿ ನೋಡಿದೆವು, ಏನೂ ಫರಕ್ ಆಗಲಿಲ್ಲ. ಶೀಲ್ಡ್ ವೈರ್ ಹಾಕಿದ ಮೇಲೆ ಅಂಕಿಯ ನಡುಕ ಕಡಿಮೆಯಾಯಿತು, ಏರುವುದು ಮಾತ್ರ ನಿಲ್ಲಲಿಲ್ಲ. ಕೆಲಸ ಮಾಡಿದ್ದು "ಗೇಜಿನ ಪಾಕೀಟಿನ ಮೇಲೆ ಏನು ಬರೆದಿದೆ ನೋಡಿದ್ದೀಯಾ ತಮ್ಮಾ?" ಅಂತ ಕೇಳಿದ ಅಣ್ಣನ ಸಲಹೆ. ನೋಡಿರಲಿಲ್ಲ! ಅದು ಉಕ್ಕಿಗೆ ಹೊಂದಿಸಿದ ಗೇಜ್, ಅಂದರೆ ಬಿಸಿಗೆ ಉಕ್ಕು ಹಿಗ್ಗುವಷ್ಟನ್ನು ಮಾತ್ರ ಅದು ತಾನೇ ಕಳೆಯುತ್ತದೆ. ಒಂದು ಡಿಗ್ರಿ ಬಿಸಿ ಏರಿದರೆ ಉಕ್ಕು ಸುಮಾರು 11 ಮೈಕ್ರೋಸ್ಟ್ರೇನ್ (ಒಂದು ಅಂದರೆ ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು) ಹಿಗ್ಗುತ್ತದೆ, ಅಲ್ಯೂಮಿನಿಯಂ 23. ನಡುವಿನ 12 ನಮಗೆ ಭಾರದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆ ತಗಡಿನ ಶೆಡ್ಡು ಕಾಯ್ದು 5 ಡಿಗ್ರಿ ಏರಿದರೆ 60 ಮೈಕ್ರೋಸ್ಟ್ರೇನ್, ಅಂದರೆ ಇಲ್ಲದೇ ಇರುವ 4 ಮೆಗಾಪ್ಯಾಸ್ಕಲ್ ಸ್ಟ್ರೆಸ್.

ಸ್ಪಾರಿನದೇ ಒಂದು ತುಂಡಿಗೆ ಅದೇ ಥರದ ಇನ್ನೊಂದು ಗೇಜ್ ಅಂಟಿಸಿ, ಭಾರ ಬೀಳದಂತೆ ಪಕ್ಕದಲ್ಲಿಟ್ಟು, ಬ್ರಿಜ್‌ನ (ಗೇಜಿನ ರೀಡಿಂಗ್ ಕೊಡುವ ಸರ್ಕ್ಯೂಟ್) ಪಕ್ಕದ ತೋಳಿಗೆ ಜೋಡಿಸಿದೆವು. ಪಕ್ಕಪಕ್ಕದ ತೋಳುಗಳಲ್ಲಿ ಒಂದರ ರೀಡಿಂಗಿನಿಂದ ಇನ್ನೊಂದರದು ಕಳೆಯುತ್ತದೆ. ಬಿಸಿ ಎರಡಕ್ಕೂ ಒಂದೇ, ಹಾಗಾಗಿ ಅದು ಕಳೆದುಹೋಗುತ್ತದೆ. ಮಧ್ಯಾಹ್ನದವರೆಗೂ ಸೊನ್ನೆ ಹೆಚ್ಚುಕಡಿಮೆ ಕದಲಲಿಲ್ಲ.

ಇನ್ನೊಂದು ತಪ್ಪೂ ಸಿಕ್ಕಿತು. ಚೀಲಗಳನ್ನು ಬುಡದಿಂದ ತುದಿಯವರೆಗೆ ಸಮನಾಗಿ ಇಡುತ್ತಿದ್ದೆವು, ಹಾರುವಾಗ ಲಿಫ್ಟ್ (ರೆಕ್ಕೆಯನ್ನು ಮೇಲೆತ್ತುವ ಬಲ) ತುದಿಯ ಕಡೆ ಹೋದಂತೆ ಕಡಿಮೆಯಾಗುತ್ತದೆ ಅಲ್ವಾ. ಅಷ್ಟೇ ಭಾರವನ್ನು ದೀರ್ಘವೃತ್ತದ ಆಕಾರದಲ್ಲಿ ಹಂಚಿದರೆ ಬುಡದ ಬಾಗುವ ಮೊಮೆಂಟ್ (ರೆಕ್ಕೆಯನ್ನು ಬುಡದಲ್ಲಿ ಬಗ್ಗಿಸುವ ಪರಿಣಾಮ) ಸುಮಾರು 15% ಕಡಿಮೆ. ಈಗ ಚೀಲಗಳನ್ನೆಲ್ಲ ಬಿಚ್ಚಿ ಮತ್ತೆ ತೂಗಿ ತುಂಬಬೇಕು, ಸರದಿ ನನ್ನದೇ.